ಬೂದಿಯಡಿ ಹೂತರೂ ರಾಜಧಾನಿ

ಪ್ರಶ್ನೆ: ನಮ್ಮ ಅಜ್ಜನ ಕಾಲದವರು ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟವರು. ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪದಲ್ಲಿ ರಾಜಧಾನಿಯೇ ಬೂದಿಯಲ್ಲಿ ಹೂತುಹೋಗಿದೆ ಅಂತ ಮಗ ಹೇಳಿದ. ನಿಜವಾ? ಅಲ್ಲಿನ ಜನ ಎಲ್ಲಿಗೆ ಹೋದರು?
– ಓದುಗರೊಬ್ಬರು, ಹೊಸನಗರ

ಉತ್ತರ: ನಿಜ. ದ್ವೀಪ ತುಂಬಾ ಚಿಕ್ಕದು, ಬರೀ 102 ಚದರ ಕಿ.ಮೀ. ನಮ್ಮ ಲಿಂಗನಮಕ್ಕಿ ತುಂಬಿದಾಗ ನಿಲ್ಲುವ ನೀರೇ ಇದಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಸ್ವತಂತ್ರ ದೇಶ ಅಲ್ಲ, ಬ್ರಿಟನ್ನಿನ ಆಡಳಿತಕ್ಕೆ ಸೇರಿದ್ದು.

ಅಲ್ಲಿನ ಸೂಫ್ರಿಯೇರ್ ಹಿಲ್ಸ್ ಅನ್ನುವ ಜ್ವಾಲಾಮುಖಿ ಬೆಟ್ಟ ನೂರಾರು ವರ್ಷ ಸುಮ್ನೆ ಇತ್ತು. 1995ರ ಜುಲೈ 18ರಂದು ಎದ್ದಿತು. ರಾಜಧಾನಿ ಪ್ಲಿಮತ್‌ನಿಂದ ಜನರನ್ನು ಖಾಲಿ ಮಾಡಿಸಿದರು, ವಾಪಸ್ ಕಳಿಸಿದರು, 1996ರ ಏಪ್ರಿಲ್‌ನಲ್ಲಿ ಮತ್ತೆ ಹೊರಟವರು ತಿರುಗಿ ಬಂದು ನೆಲೆಸಲೇ ಇಲ್ಲ. 1997ರ ಜೂನ್ 25ರಂದು ಕೆಂಡದಂಥ ಅನಿಲ, ಬೂದಿ, ಕಲ್ಲು ಎಲ್ಲ ಒಂದಾಗಿ ಇಳಿಜಾರಿನಲ್ಲಿ ನುಗ್ಗಿ ಬಂದು 19 ಜನ ಸತ್ತರು. ಬಿಟ್ಟು ಬಂದ ಹೊಲದ ಬೆಳೆ ನೋಡಿಕೊಳ್ಳಲು ಹೋದವರೂ ಅವರಲ್ಲಿ ಇದ್ದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಕಲಕುತ್ತದೆ. ಗದ್ದೆ ಬಿಟ್ಟು ಇರುವುದು ಎಷ್ಟು ಕಷ್ಟ ಅಂತ ನಿಮ್ಮ ಮನೆಯವರಿಗೆ ಹೇಳಿಕೊಡಬೇಕಾ?

ಮೂರರಲ್ಲಿ ಎರಡು ಪಾಲು ಜನ ದ್ವೀಪ ಬಿಟ್ಟರು. ಆಂಟಿಗುವಾ, ಬ್ರಿಟನ್ ಹೀಗೆ ಚದುರಿಹೋದರು. ಈಗ ಉಳಿದವರು ನಾಲ್ಕೂವರೆ ಸಾವಿರದ ಆಸುಪಾಸು, ಎಲ್ಲರೂ ಉತ್ತರದ ತುದಿಯಲ್ಲಿ. ಕಚೇರಿಗಳು ಬ್ರೇಡ್ಸ್ ಎಂಬ ಊರಲ್ಲಿ ನಡೆಯುತ್ತವೆ. ಆದರೆ ಕಾಗದದ ಮೇಲೆ ರಾಜಧಾನಿ ಇವತ್ತಿಗೂ ಪ್ಲಿಮತ್ತೇ! ನಮ್ಮ ಕಡೆಯೂ ನೀರಿನಡಿ ಹೋದ ಊರಿನ ಹೆಸರಿನಿಂದಲೇ ಮನೆತನವನ್ನು ಗುರುತಿಸುತ್ತಾರಲ್ವಾ, ಹಾಗೆ.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಬ್ರಿಟನ್ನಿನ ಬೇರೆ ದ್ವೀಪಗಳವರ ಜೊತೆ ಇವರಿಗೂ 2002ರಲ್ಲಿ ಪೂರ್ತಿ ಬ್ರಿಟಿಷ್ ಪೌರತ್ವ ಸಿಕ್ಕಿತು. ಬೆಟ್ಟ ಎದ್ದು ಏಳೇ ವರ್ಷಕ್ಕೆ. ನಮ್ಮ ಮುಳುಗಡೆಯವರಲ್ಲಿ ಎಷ್ಟೋ ಮನೆಯವರು ಅರವತ್ತು ವರ್ಷ ಕಳೆದರೂ ಹಕ್ಕುಪತ್ರದ ಫೈಲು ಹಿಡಿದು ಓಡಾಡುತ್ತಿದ್ದಾರೆ. ಇದು ಅನ್ಯಾಯ.

ಪ್ರಶ್ನೆ: ಅಲ್ಲಿನವರು ಯಾವ ಮೂಲದವರು? ಊಟ ಏನು?
– ಅವರೇ

ಉತ್ತರ: ಹೆಚ್ಚಿನವರು ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ. ಹದಿನೇಳನೇ ಶತಮಾನದಲ್ಲಿ ಐರ್ಲೆಂಡಿನವರೂ ಬಂದು ನೆಲೆಸಿದ್ದರಿಂದ ರೈಲಿ, ಸ್ವೀನಿ ಅನ್ನುವ ಐರಿಷ್ ಮನೆಹೆಸರುಗಳು ಕಪ್ಪು ಜನರಲ್ಲಿವೆ. ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬ, ಅಂದರೆ ಮಾರ್ಚ್ 17, ಅಲ್ಲಿ ಸರ್ಕಾರಿ ರಜೆ. ಧಣಿಗಳು ಹಬ್ಬದ ಗುಂಗಿನಲ್ಲಿರುತ್ತಾರೆ ಅಂತ 1768ರಲ್ಲಿ ಗುಲಾಮರು ಅದೇ ದಿನ ದಂಗೆಗೆ ಸಜ್ಜಾಗಿದ್ದರು. ಸುದ್ದಿ ಸೋರಿತು, ಮುಂದಾಳುಗಳನ್ನು ಕೊಂದರು. ಈಗ ರಜೆ ಅವರ ನೆನಪಿಗೂ ಸೇರಿದ್ದು.

ಊಟದಲ್ಲಿ ಹೆಸರುವಾಸಿ ಗೋಟ್ ವಾಟರ್. ಹೆಸರು ನೋಡಿ ನೀರು ಅಂದುಕೊಳ್ಳಬೇಡಿ, ಲವಂಗ ಹಾಕಿ ನಿಧಾನಕ್ಕೆ ಬೇಯಿಸಿದ ಆಡಿನ ಮಾಂಸದ ಸಾರು. ಮದುವೆ, ಹಬ್ಬಕ್ಕೆ ದೊಡ್ಡ ಪಾತ್ರೆಯಲ್ಲಿ ಸೌದೆ ಒಲೆ ಮೇಲೆ ಇಡುತ್ತಾರೆ, ಬ್ರೆಡ್ಡಿನ ಜೊತೆ ತಿನ್ನುತ್ತಾರೆ.