ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದೆ, ತೆಗೆಸಿಬಿಡಲೇ?

ಪ್ರಶ್ನೆ: ನಮ್ಮದು ಹೆಂಚಿನ ಮನೆ. ಜುಲೈ ಮಳೆಗೆ ಹೆಂಚು ಸರಿದು, ಅಟ್ಟದಲ್ಲಿ ಹಾದುಹೋದ ವೈರಿಂಗ್ ಪೈಪಿನ ಮೇಲೆ ನೀರು ಸೋರಿತು. ಅಂದಿನಿಂದ ಗೀಸರ್ ಹಾಕಿದರೆ, ಕರೆಂಟ್ ಸೋರಿದಾಗ ತಾನಾಗಿ ಆಫ್ ಆಗುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದೆ. ಗೀಸರಿನ ಎಲಿಮೆಂಟ್ ಬದಲಾಯಿಸಿದರೂ ಸರಿಹೋಗಲಿಲ್ಲ. ಬಿಸಿಲು ಬಂದ ದಿನ ತೊಂದರೆಯೇ ಇಲ್ಲ. ಆರ್‌ಸಿಸಿಬಿ ಕೆಟ್ಟಿದೆ, ತೆಗೆದು ನೇರ ಕೊಡೋಣ ಎನ್ನುತ್ತಾರೆ ಕೆಲಸದವರು. ಕೊಡಿಸಬಹುದೇ?
– ಓದುಗರು, ನಾಪೋಕ್ಲು

ಉತ್ತರ: ಖಂಡಿತ ಬೇಡ. ಗೋಡೆ ಒದ್ದೆಯಾಗಿರುವ ಮನೆಯಲ್ಲಿ ಜೀವ ಕಾಯುತ್ತಿರುವುದು ಅದೊಂದೇ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ನೋಡುತ್ತಿರುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. ಸೋರಿಕೆ 15 ಮಿಲಿಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಬಿಸಿಲಿಗೆ ನಿಂತು ಮಳೆಗೆ ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಒದ್ದೆಯಾದ ವೈರಿಂಗನ್ನು, ಆರ್‌ಸಿಸಿಬಿಯನ್ನಲ್ಲ.

ಗೀಸರಿನದೂ ತಪ್ಪಿಲ್ಲದಿರಬಹುದು. ಅಟ್ಟದ ಯಾವುದೋ ಜಂಕ್ಷನ್ ಬಾಕ್ಸಿನಲ್ಲಿ ಲೈಟಿನ ನ್ಯೂಟ್ರಲ್ ನೀರಿನ ಮೂಲಕ ಅರ್ಥ್ ವೈರಿಗೆ ತಾಗಿದೆ ಎಂದುಕೊಳ್ಳಿ. ಸಣ್ಣ ಲೋಡಿಗೆ ಅದು ಗೊತ್ತಾಗುವುದಿಲ್ಲ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆದಾಗ, ವಾಪಸ್ ಬರುವ ಕರೆಂಟಿನ ಒಂದು ಪಾಲು ಆ ಒದ್ದೆ ಜಾಗದಿಂದ ಅರ್ಥಿಗೆ ಇಳಿಯುತ್ತದೆ. ಲೆಕ್ಕ ತಪ್ಪಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ, ಬೈಗುಳ ಗೀಸರಿಗೆ.

ಎಂಸಿಬಿಗಳನ್ನು (ಒಂದೊಂದು ಸರ್ಕ್ಯೂಟಿಗೂ ಇರುವ ಸ್ವಿಚ್) ಒಂದೊಂದಾಗಿ ಇಳಿಸಿ ಹುಡುಕಿದರೆ ಈ ದೋಷ ಸಿಗದಿರುವುದೂ ಇದಕ್ಕೇ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಆದ್ದರಿಂದ ಲೈಸೆನ್ಸ್ ಇರುವ, ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟುಕೊಂಡಿರುವ ಎಲೆಕ್ಟ್ರಿಷಿಯನ್ನರನ್ನೇ ಕರೆಸಿ. ಮಲ್ಟಿಮೀಟರ್ ಸಾಲದು, ಅದರ ಕೆಲವೇ ವೋಲ್ಟಿಗೆ ಒದ್ದೆ ಜಾಗ ಸರಿಯಿರುವಂತೆಯೇ ಕಾಣಬಹುದು.

ಅಳೆಯುವ ಮೊದಲು ಮೇನ್ ಆಫ್ ಮಾಡಿದರೆ ಸಾಲದು, ಇನ್ವರ್ಟರನ್ನೂ ಆಫ್ ಮಾಡಬೇಕು. ಇದನ್ನು ಮರೆತೇ ಬಹಳ ಜನ ಶಾಕ್ ಹೊಡೆಸಿಕೊಳ್ಳುತ್ತಾರೆ. ಪ್ಲಗ್, ಬಲ್ಬುಗಳನ್ನೆಲ್ಲ ಕಳಚಿ. ಎಲೆಕ್ಟ್ರಿಷಿಯನ್ನರು ನ್ಯೂಟ್ರಲ್ ಲಿಂಕಿನಿಂದ (ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿ) ಪ್ರತಿ ಸರ್ಕ್ಯೂಟಿನ ವೈರನ್ನು ಗುರುತು ಹಾಕಿ ಬಿಚ್ಚಲಿ. ಆ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ, ಅವಕ್ಕೂ ಅರ್ಥಿಗೂ ನಡುವೆ 500 ವೋಲ್ಟ್ ಡಿಸಿಯಲ್ಲಿ ಅಳೆಯಲಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ್ದೇ ದೋಷದ ಸರ್ಕ್ಯೂಟ್. ಸೋರಿದ ಜಾಗದಲ್ಲಷ್ಟೇ ಹುಡುಕಬೇಡಿ. ನೀರು ಪೈಪಿನೊಳಗೆ ಇಳಿದು ಕೆಳಗಿನ ಸ್ವಿಚ್ ಬಾಕ್ಸಿನಲ್ಲಿ ನಿಂತಿರುತ್ತದೆ, ಅಲ್ಲಿಂದಲೇ ಬಿಚ್ಚಿ ನೋಡುತ್ತ ಬನ್ನಿ. ಟೇಪ್ ಸುತ್ತಿದ ಜಾಯಿಂಟ್ ಸಿಕ್ಕರೆ ಕತ್ತರಿಸಿ, ಕನೆಕ್ಟರ್ ಹಾಕಿ ಹೊಸದಾಗಿ ಮಾಡಿಸಿ.

ಪ್ರಶ್ನೆ: ಒದ್ದೆಯಾದ ಸ್ವಿಚ್‌ಬೋರ್ಡನ್ನು ಹೇರ್ ಡ್ರೈಯರಿನಲ್ಲಿ ಒಣಗಿಸಿ ಬಳಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬಾಕ್ಸನ್ನು ಒಣಗಿಸಬಹುದು. ಸ್ವಿಚ್, ಸಾಕೆಟ್‌ಗಳನ್ನು ಮಾತ್ರ ಬದಲಾಯಿಸಿ. ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದರೆ ಸಂಪರ್ಕ ಸಡಿಲಾಗಿ, ತಿಂಗಳುಗಳ ನಂತರ ಇಸ್ತ್ರಿಪೆಟ್ಟಿಗೆ ಹಾಕಿದಾಗ ಸುಟ್ಟ ವಾಸನೆ ಬರುತ್ತದೆ. ನೀರು ಹೊಕ್ಕ ಎಂಸಿಬಿ, ಆರ್‌ಸಿಸಿಬಿಗಳನ್ನು ಒಣಗಿಸಿ ಬಳಸುವ ಮಾತೇ ಬೇಡ. ಕಕ್ಕಡದ (ಜುಲೈ–ಆಗಸ್ಟ್ ಮಳೆಯ) ತಿಂಗಳಲ್ಲಿ ಗೋಡೆ ತಾನಾಗಿ ಒಣಗುವುದಿಲ್ಲ. ದೋಷವಿಲ್ಲದ ಬೇರೆ ಸರ್ಕ್ಯೂಟಿನಿಂದ ಟೇಬಲ್ ಫ್ಯಾನ್ ಹಚ್ಚಿ, ತೆರೆದಿಟ್ಟ ಬಾಕ್ಸಿಗೆ ದೂರದಿಂದ ಗಾಳಿ ಬಿಡಿ. ಒದ್ದೆ ಸರ್ಕ್ಯೂಟ್ ಅಲ್ಲಿಯವರೆಗೆ ಆಫ್ ಆಗಿಯೇ ಇರಲಿ. ಮತ್ತೆ ಮೆಗ್ಗರ್ ಹಿಡಿದು ನೋಡಿದ ಮೇಲೆ ಕರೆಂಟ್ ಕೊಡಿ.

ಪ್ರಶ್ನೆ: ಹೊರಗಿನಿಂದ ಬರುವ ವೈರಿನ ಗುಂಟ ನೀರು ಮೀಟರ್ ಬೋರ್ಡಿಗೆ ಇಳಿಯುತ್ತದೆ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ಒಳಹೋಗುವ ತೂತಿಗಿಂತ ಕೆಳಕ್ಕೆ ವೈರ್ ಒಮ್ಮೆ ಬಾಗಿ ಮೇಲೇರಬೇಕು. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಆದರೆ ಸರ್ವಿಸ್ ವೈರ್, ಮೀಟರ್ ಎರಡನ್ನೂ ನೀವಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಮುಟ್ಟಬಾರದು. ಮನೆಯ ಮೇನ್ ಇಳಿಸಿದರೂ ಅಲ್ಲಿ ಕರೆಂಟ್ ಇರುತ್ತದೆ. 1912ಕ್ಕೆ ಫೋನ್ ಮಾಡಿ, ವಿದ್ಯುತ್ ಕಂಪನಿ ಚೆಸ್ಕಾಂನವರು ಬರುವವರೆಗೆ ಬೋರ್ಡಿನ ಹತ್ತಿರ ಯಾರನ್ನೂ ಬಿಡಬೇಡಿ.