ದುಡ್ಡು ಕೊಟ್ಟವರಿಗೆ ಲೆಕ್ಕ ಒಪ್ಪಿಸಿದರೆ ಸಾಕೇ?

ಹಾವೇರಿ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಸಂಘವೊಂದರ ಕಾರ್ಯದರ್ಶಿ ನಮಗೆ ಬರೆದಿದ್ದಾರೆ. ಒಂದು ಕಂಪನಿಯ ಸಿಎಸ್‌ಆರ್ ಹಣದಲ್ಲಿ, ಅಂದರೆ ಸಾಮಾಜಿಕ ಹೊಣೆಗಾರಿಕೆಗೆಂದು ಕಂಪನಿ ಕೊಡುವ ಹಣದಲ್ಲಿ, ಅಲ್ಲಿ ಕಂಪ್ಯೂಟರ್ ಕೋಣೆ ಆಗಿದೆ. ಮೂರು ತಿಂಗಳಿಗೊಮ್ಮೆ ಫೋಟೊ, ಬಿಲ್ಲು, ವರದಿ ಎಲ್ಲ ಕಂಪನಿಗೆ ಹೋಗುತ್ತದೆ. ‘ಒಂದು ರೂಪಾಯಿ ಕೊಡದ ಆಡಳಿತ ಮಂಡಳಿಯವರಿಗೆ ಮತ್ತೆ ಯಾಕೆ ಲೆಕ್ಕ ಕೊಡಬೇಕು? ಖಜಾಂಚಿ ನನ್ನ ಹೆಂಡತಿಯೇ, ಅನುಮಾನಕ್ಕೆ ಜಾಗವಿಲ್ಲ’ ಎಂದು ಕೇಳಿದ್ದಾರೆ. ಮಂಡಳಿಯ ಕೆಲವು ಸದಸ್ಯರು ಕಿರಿಕಿರಿ ಮಾಡುತ್ತಾರೆ ಎಂದೂ ಬರೆದಿದ್ದಾರೆ. ಅಡುಗೆಯವರಿಗೆ ಮೂರು ತಿಂಗಳ ಸಂಬಳ ಬಾಕಿಯಿದೆ ಎಂದು ಪತ್ರದ ಕೊನೆಯಲ್ಲಿ ಒಂದು ಸಾಲೂ ಇದೆ.

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಹಗಲೆಲ್ಲ ಮಕ್ಕಳನ್ನು ನೋಡಿಕೊಂಡು ರಾತ್ರಿ ಕೂತು ವರದಿ ಬರೆಯುವುದು ಸುಲಭವಲ್ಲ. ಆದರೂ ನಿಮ್ಮ ಮಾತನ್ನು ಒಪ್ಪಲಾರೆ.

ಕಂಪನಿ ಕೇಳುವುದು ಕಂಪ್ಯೂಟರಿನ ಲೆಕ್ಕ. ಹಾಸ್ಟೆಲಿನ ಸೂರು ಸೋರುತ್ತಿದೆಯಾ, ವಾರ್ಡನ್ ಬಗ್ಗೆ ಮಕ್ಕಳ ದೂರು ಇದೆಯಾ, ಅಡುಗೆಯವರ ಕೈಗೆ ಸಂಬಳ ಸೇರಿತಾ ಅಂತ ಬರೆಯಲು ಆ ವರದಿಯಲ್ಲಿ ಜಾಗವೇ ಇಲ್ಲ, ಅಲ್ವಾ? ಇಡೀ ಸಂಸ್ಥೆಯನ್ನು ಒಟ್ಟಿಗೆ ನೋಡಬೇಕಾದದ್ದು ಆಡಳಿತ ಮಂಡಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಆ ಹೊಣೆಯನ್ನು ಅದಕ್ಕೇ ಕೊಟ್ಟಿದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಆಡಿಟ್ ಆದ ಲೆಕ್ಕ ಅಲ್ಲಿಗೆ ಬರಬೇಕು. ಮೂರನೇ ಒಂದು ಭಾಗದಷ್ಟು ಸದಸ್ಯರು ಸೇರಿದರೆ ನೋಂದಣಾಧಿಕಾರಿಯಿಂದ ವಿಚಾರಣೆಯನ್ನೂ ಕೇಳಬಹುದು.

ನಿಮ್ಮನ್ನು ಲೆಕ್ಕ ಕೇಳುವ ಆ ಕಂಪನಿಗೂ ಇದು ತಪ್ಪಿದ್ದಲ್ಲ. ಸಿಎಸ್‌ಆರ್ ಹಣ ಕಂಪನಿಯ ನಿರ್ದೇಶಕ ಮಂಡಳಿ ಒಪ್ಪಿದ ರೀತಿಯಲ್ಲೇ ಖರ್ಚಾಗಿದೆ ಎಂದು ಅದರ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. 2021ರಲ್ಲಿ ತಿದ್ದಿದ ನಿಯಮ ಹೀಗೆ ಹೇಳುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಚಿಕ್ಕ ವಾಚನಾಲಯದ ಸಮಿತಿಯಲ್ಲಿ ಕೆಲವು ವರ್ಷ ಇದ್ದೆ. ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು. ಕಾಫಿ ಕುಡಿಯುತ್ತಾ ಸಹಿ ಹಾಕಿ ಕಳಿಸುತ್ತಿದ್ದೆ. ಪುಸ್ತಕ ಕೊಳ್ಳಲು ಬಂದ ಹಣ ಸಂಬಳಕ್ಕೆ ಹೋಗಿದೆ ಎಂದು ನಮಗೆ ಗೊತ್ತಾಗಿದ್ದು ಹಣ ಕೊಟ್ಟವರು ಎರಡನೇ ಕಂತು ನಿಲ್ಲಿಸಿದ ಮೇಲೆ. ಕಾರ್ಯದರ್ಶಿ ಒಂದು ಪೈಸೆ ತಿಂದಿರಲಿಲ್ಲ. ಮುಂದಿನ ತಿಂಗಳು ಸರಿದೂಗಿಸೋಣ ಅಂದುಕೊಂಡೇ ಸಿಕ್ಕಿಬಿದ್ದಿದ್ದರು. ಮೊದಲೇ ಒಂದು ಪತ್ರ ಬರೆದು ಒಪ್ಪಿಗೆ ಕೇಳಬಹುದಿತ್ತು. ‘ಸಂಬಳಕ್ಕೆ ದುಡ್ಡು ಎಲ್ಲಿಂದ ಬರ್ತಿದೆ?’ ಎಂದು ನಾವು ಯಾರೂ ಕೇಳಲಿಲ್ಲ. ಇಬ್ಬರ ಕೆಲಸ ಹೋಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ಖಜಾಂಚಿ ವಿಷಯ ನೇರವಾಗಿಯೇ ಹೇಳುತ್ತೇನೆ. ನಿಮ್ಮ ಪತ್ನಿಯ ಪ್ರಾಮಾಣಿಕತೆ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಚೆಕ್ಕಿನ ಎರಡೂ ಸಹಿ ಒಂದೇ ಮನೆಯಲ್ಲಿ ಬೀಳುವುದಾದರೆ ಎರಡನೇ ಸಹಿ ಯಾಕೆ ಬೇಕು? ನಾಳೆ ಯಾರೋ ಸುಮ್ನೆ ಒಂದು ಮಾತು ಆಡಿದರೂ ನಿಮ್ಮಿಬ್ಬರ ಪರವಾಗಿ ನಿಲ್ಲಲು ಮೂರನೆಯವರು ಇರುವುದಿಲ್ಲ. ನಿಮ್ಮ ಪತ್ನಿ ಸದಸ್ಯರಾಗಿ ಇರಲಿ, ಖಜಾಂಚಿ ಜಾಗಕ್ಕೆ ನಿಮ್ಮ ನೆಂಟರಲ್ಲದವರನ್ನು ತನ್ನಿ.

ಮಂಡಳಿಗೆ ದಪ್ಪ ಫೈಲು ಬೇಡ. ಸಭೆಗೆ ಒಂದು ವಾರ ಮೊದಲು ಒಂದೇ ಹಾಳೆ ಕಳಿಸಿ. ಬ್ಯಾಂಕಿನಲ್ಲಿ ಎಷ್ಟಿದೆ, ಅದರಲ್ಲಿ ಕಂಪ್ಯೂಟರ್ ಯೋಜನೆಗೇ ಮೀಸಲಾದದ್ದು ಎಷ್ಟು, ಯಾರಿಗೆ ಎಷ್ಟು ಬಾಕಿ. ಇಷ್ಟು ಇದ್ದರೆ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಬರುತ್ತದೆ. ಕಿರಿಕಿರಿ ಮಾಡುವ ಸದಸ್ಯರು ಅಂದಿರಲ್ಲ, ಅವರನ್ನು ದಯವಿಟ್ಟು ಉಳಿಸಿಕೊಳ್ಳಿ.

ಮುಂದಿನ ಸಭೆಯ ಮೊದಲ ವಿಷಯ ಅಡುಗೆಯವರ ಸಂಬಳ ಆಗಲಿ. ಎಷ್ಟು ಬಾಕಿ, ಯಾವ ಹಣದಿಂದ, ಯಾವ ತಾರೀಖಿಗೆ ಕೊಡುತ್ತೀರಿ ಎಂದು ಠರಾವಿನಲ್ಲಿ ಬರೆಸಿ. ಆ ದಿನ ಅಡುಗೆಯವರನ್ನೂ ಸಭೆಗೆ ಕರೆದು ಕೂರಿಸಿ.