ಒಂದು ಬಣ್ಣಕ್ಕೆ ಕೆಲಸ ಕೈತಪ್ಪುತ್ತಾ?

ಪ್ರಶ್ನೆ: ಆ್ಯಪ್ ಡಿಸೈನರ್ ಕೆಲಸದ ಇಂಟರ್ವ್ಯೂಗೆ ಹೋಗಿದ್ದೆ. ಡಾಕ್ಟರ ಅಪಾಯಿಂಟ್‌ಮೆಂಟ್ ಪಡೆಯುವ ಆ್ಯಪ್ ಮಾಡಿ ತನ್ನಿ ಎಂದು ಮೊದಲೇ ಅಸೈನ್‌ಮೆಂಟ್ ಕೊಟ್ಟಿದ್ದರು. ನಾಲ್ಕು ರಾತ್ರಿ ನಿದ್ದೆಗೆಟ್ಟು ಫಿಗ್ಮಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ 12 ಸ್ಕ್ರೀನ್ ಮಾಡಿದೆ. ಅಲ್ಲಿ ಒಬ್ಬರು, "ಅಕ್ಷರ ಯಾಕೆ ಇಷ್ಟು ತೆಳು ಬೂದು?" ಎಂದರು. "ನೋಡೋಕೆ ಚೆನ್ನಾಗಿದೆ ಅಂತ" ಎಂದೆ. ಅಲ್ಲಿಗೆ ಮಾತು ಮುಗಿಯಿತು. ಎರಡು ವಾರವಾದರೂ ಸುದ್ದಿಯಿಲ್ಲ. ಒಂದು ಬಣ್ಣಕ್ಕೆ ಕೆಲಸ ಹೋಗುತ್ತಾ?

ಉತ್ತರ: ಬಣ್ಣಕ್ಕೆ ಹೋಗುವುದಿಲ್ಲ. ಆ ಉತ್ತರಕ್ಕೆ ಹೋಗಿರಬಹುದು.

ನನ್ನ ಮೊದಲ ಇಂಟರ್ವ್ಯೂನಲ್ಲಿ 'ಸೇವ್' ಬಟನ್ ಅನ್ನು ಮೇಲಿನ ಮೂಲೆಯಲ್ಲಿಟ್ಟು ಹೆಮ್ಮೆಯಿಂದ ತೋರಿಸಿದ್ದೆ. ಎದುರಿಗಿದ್ದವರು ತಮ್ಮ ದೊಡ್ಡ ಫೋನನ್ನೇ ನನ್ನ ಕೈಗಿಟ್ಟರು. "ಇನ್ನೊಂದು ಕೈಯಲ್ಲಿ ನಿಮ್ಮ ಬ್ಯಾಗ್ ಹಿಡ್ಕೊಳ್ಳಿ. ಈಗ ಒತ್ತಿ." ಹೆಬ್ಬೆರಳು ಅಲ್ಲಿಗೆ ಎಟುಕಲೇ ಇಲ್ಲ. ಫೋನ್ ಜಾರಿ ಬೀಳುವುದೊಂದು ಬಾಕಿ! ಆ ಕೆಲಸ ಸಿಗಲಿಲ್ಲ. ಈಗ ನಾನು ಮೇಜಿನ ಆ ಬದಿಯಲ್ಲಿ ಕೂರುತ್ತೇನೆ, ನನ್ನ ಫೋನೂ ದೊಡ್ಡದೇ.

ನಿಮ್ಮ ಬೂದು ಬಣ್ಣಕ್ಕೆ ಬರೋಣ. ಬಿಳಿಯ ಮೇಲೆ 999999 ಕೋಡಿನ ಬೂದು ಹಾಕಿದರೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಸುಮಾರು 2.8ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ವೆಬ್ ನಿಯಮ ಕೇಳುವುದು ಕನಿಷ್ಠ 4.5ಕ್ಕೆ 1. ಅದನ್ನೇ ಸ್ವಲ್ಪ ಗಾಢವಾದ 767676 ಮಾಡಿದ್ದರೆ ಪಾಸ್. ಕಣ್ಣಿಗೆ ಆಗಲೂ ಬೂದೇ. ಡಾಕ್ಟರನ್ನು ಹುಡುಕುವವರಲ್ಲಿ ವಯಸ್ಸಾದವರೂ ಇರ್ತಾರೆ, ಅಲ್ವಾ? "ಇದು ನನಗೆ ಹೊಳೆಯಲಿಲ್ಲ, ಯಾರು ಓದುತ್ತಾರೆ ಅಂತ ನೋಡಿ ಬದಲಾಯಿಸ್ತೀನಿ" ಎಂದಿದ್ದರೂ ಮಾತು ಮುಂದುವರಿಯುತ್ತಿತ್ತು. ನಾವು ಕಾಯುವುದು ಆ ಮಾತಿಗೇ.

ಇನ್ನು 12 ಸ್ಕ್ರೀನ್ ಜಾಸ್ತಿಯಾಯಿತು. ಮೂರು ಸಾಕಿತ್ತು. ಉಳಿದ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂತು ನೋಡಬಹುದಿತ್ತು. ಎಲ್ಲಿ ತಡವರಿಸಿದರು, ನೀವು ಏನನ್ನು ಕಿತ್ತುಹಾಕಿದಿರಿ ಎನ್ನುವುದನ್ನು ತೋರಿಸಿ. ಬಿಸಾಕಿದ ಸ್ಕೆಚ್‌ಗಳನ್ನೂ ಇಟ್ಟುಕೊಳ್ಳಿ.

ನಾಲ್ಕು ರಾತ್ರಿ ಪುಕ್ಕಟೆ ದುಡಿಸಿಕೊಂಡು ಸುಮ್ಮನಾಗಿದ್ದು ಮಾತ್ರ ಅವರದೇ ತಪ್ಪು. ಮುಂದಿನ ಸಲ ಎಷ್ಟು ಗಂಟೆಯ ಕೆಲಸ ಎಂದು ಮೊದಲೇ ಕೇಳಿ. ಅವರು ಮಾರುತ್ತಿರುವ ಆ್ಯಪ್‌ನದೇ ಕೆಲಸವಾದರೆ ಸಂಬಳ ಕೇಳಿ, ಇಲ್ಲವೇ ಬಿಡಿ.

ಸದ್ಯಕ್ಕೆ ಎರಡು ಸಾಲಿನ ಮೇಲ್ ಹಾಕಿ. ಬಣ್ಣ ಬದಲಾಯಿಸಿದ ಒಂದು ಸ್ಕ್ರೀನ್ ಜೊತೆಗಿರಲಿ.